ಕಪ್ಪೆಗೆ ಹಲ್ಲು ಕಟ್ಟಿದ ಭಾವ

ಯಾವ ಬೀದಿಗೆ ಕರೆದುಕೊಂಡು ಹೋದರೂ ನಮ್ಮ ಭಾವ ಮೊದಲು ನೋಡುವುದು ಅಂಗಡಿಗಳನ್ನಲ್ಲ, ಮನೆಗಳನ್ನೂ ಅಲ್ಲ. ಆ ಬೀದಿ ಯಾವ ಕಡೆಗೆ ಇಳಿಯುತ್ತದೆ ಎಂಬುದನ್ನು. ನಮ್ಮಂಥವರ ಕಣ್ಣಿಗೆ ಚಾಪೆ ಹಾಸಿದಷ್ಟು ಸಮವಾಗಿ ಕಾಣುವ ರಸ್ತೆಯಲ್ಲೂ ಅವರು ಒಂದು ಗುಂಡುಕಲ್ಲನ್ನು ಕಾಲಿನಿಂದ ಮೆಲ್ಲಗೆ ತಳ್ಳಿ, ಅದು ಎತ್ತ ಹೊರಳುತ್ತದೆಂದು ನೋಡಿ, "ಇಲ್ಲಿ ನಿಲ್ಸಬಹುದು" ಎನ್ನುತ್ತಾರೆ. ಬಾಡಿಗೆ ಮನೆ ಹಿಡಿದದ್ದು ಅದು ದಿಬ್ಬದ ತುದಿಯಲ್ಲಿದೆ ಎಂಬ ಒಂದೇ ಕಾರಣಕ್ಕೆ. ಅಲ್ಲಿ ನೀರು ಸರಿಯಾಗಿ ಬರುವುದಿಲ್ಲ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಉಸಿರು ಬಿಟ್ಟ ಮೇಲೆ ಇನ್ನೊಬ್ಬರು ಎಳೆದುಕೊಳ್ಳಬೇಕು. ಆದರೆ ಬಾಗಿಲು ತೆಗೆದರೆ ಎದುರಿಗೆ ಒಳ್ಳೆಯ ಇಳಿಜಾರು. ಅವರ ಕ್ಷೌರದಂಗಡಿ, ದಿನಸಿ ಅಂಗಡಿ, ಕಡೆಗೆ ಡಾಕ್ಟರು ಕೂಡ ಇಳಿಜಾರಿನವರೇ. ಸಮತಟ್ಟು ಬೀದಿಗಳಲ್ಲಿದ್ದ ಸ್ನೇಹಿತರು ಒಬ್ಬೊಬ್ಬರಾಗಿ ದೂರವಾದರು. ಯಾರೊಂದಿಗೂ ಜಗಳವಾಗಿರಲಿಲ್ಲ.

ಇದಕ್ಕೆಲ್ಲ ಕಾರಣ ಕಪ್ಪೆ.

ಕಪ್ಪೆ ಎಂದರೆ ಭಾವನ ಕಾರು. ಎರಡೇ ಸೀಟು, ಮೇಲೆ ಮಡಿಸುವ ಕ್ಯಾನ್ವಾಸಿನ ಹೊದಿಕೆ, ಮುಂದೆ ಉಬ್ಬಿದ ಎರಡು ಕಣ್ಣಿನಂಥ ದೀಪ, ಒಂದು ಕಾಲಕ್ಕೆ ಹಸಿರಾಗಿದ್ದ ಬಣ್ಣ. ಕೇರಿಯ ಮಕ್ಕಳು ಇಟ್ಟ ಹೆಸರು, ಭಾವನೂ ಒಪ್ಪಿಕೊಂಡರು. ಅದು ಹುಟ್ಟಿದ ಕಾಲಕ್ಕೆ ರೇಸಿನ ಕಾರಂತೆ. ಈಗ ನೆಲಕ್ಕೆ ಎಷ್ಟು ಹತ್ತಿರವಿದೆಯೆಂದರೆ ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಬಸ್ಸಿನ ಚಕ್ರದ ನಟ್ಟುಗಳನ್ನು ಕುಳಿತಲ್ಲೇ ಎಣಿಸಬಹುದು. ಅದರ ಹಿಂದಿನ ಒಡೆಯರು, ರೇಡಿಯೋ ರಿಪೇರಿ ಮಾಡುವವರೊಬ್ಬರು, ಮೈ ಬಂದು ಅದರೊಳಗೆ ತೂರಲಾಗದೆ, ಯಾರಾದರೂ ತೊಗೊಂಡು ಹೋದರೆ ಸಾಕೆಂದು ಕಾದಿದ್ದರು. ಭಾವ ಆಗ ಸಣಕಲು. ಮೊಪೆಡ್ಡಿಗಿಂತ ತುಸು ಹೆಚ್ಚಿನ ಬೆಲೆಗೆ ಬಂತು. ಅಂಥ ಕಾರುಗಳನ್ನು ಉಳ್ಳವರು ಶೆಡ್ಡಿನಲ್ಲಿ ಮುಸುಕು ಹಾಕಿಟ್ಟು ಭಾನುವಾರ ಮಾತ್ರ ಹೊರಗೆ ತೆಗೆಯುತ್ತಾರೆ. ಭಾವನಿಗೆ ಶೆಡ್ಡೂ ಇಲ್ಲ, ಬೇರೆ ಕಾರೂ ಇಲ್ಲ. ದಿನಾ ಅದರಲ್ಲೇ ಕೆಲಸಕ್ಕೆ.

"ದಿನಾ ಓಡಿಸಿದ್ರೇನೇ ಅದು ಬದುಕಿರೋದು. ನಿಲ್ಸಿದ್ರೆ ಹೋಯ್ತು," ಎನ್ನುತ್ತಿದ್ದರು. ಯಾರು ಯಾರನ್ನು ಬದುಕಿಸಿದ್ದರೋ ಹೇಳುವುದು ಕಷ್ಟ. ಅದರ ರಿಪೇರಿ ಕಪ್ಪೆ ತೂಗಿದ ಹಾಗೆಯೇ. ಬ್ರೇಕನ್ನು ಹಿಡಿದು ತಕ್ಕಡಿಗೆ ಹಾಕಿದರೆ ರೇಡಿಯೇಟರು ಹಾರುತ್ತದೆ, ರೇಡಿಯೇಟರನ್ನು ಹಿಡಿದು ತರುವಷ್ಟರಲ್ಲಿ ಸೈಲೆನ್ಸರು ನೆಲದ ಮೇಲಿದೆ. ಮಂಚದ ಕೆಳಗೆ ಬಿಡಿಭಾಗಗಳು. ರಾತ್ರಿಯಿಡೀ ಕಾರಿನಿಂದ ತೊಟ್ಟಿಕ್ಕುವ ಆಯಿಲಿಗೆ ಅಡಿಯಲ್ಲೊಂದು ತಟ್ಟೆ. ಅದು ಮೊದಲು ಅಕ್ಕ ಕೇಕು ಮಾಡುವ ತಟ್ಟೆಯಾಗಿತ್ತು. ಮಳೆ ಬಂದರೆ ಕಾರಿನೊಳಗೂ ಕೊಡೆ ಬಿಚ್ಚಬೇಕು. ಗಂಡ ಹೆಂಡತಿ ಇಬ್ಬರ ಬಟ್ಟೆಗೂ ಪೆಟ್ರೋಲಿನ ವಾಸನೆ ಕಾಯಂ. ಅಕ್ಕ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತದ ಟೀಚರು. ಅವಳು ತಿದ್ದಿದ ಉತ್ತರಪತ್ರಿಕೆಗಳನ್ನು ಮೂಸಿಯೇ ಗುರುತಿಸಬಹುದೆಂದು ಅವಳ ವಿದ್ಯಾರ್ಥಿನಿಯರು ಹೇಳುತ್ತಿದ್ದರಂತೆ.

ಇನ್ನು ಭಾವನ ಕೆಲಸ. ಹಲ್ಲಿನ ಡಾಕ್ಟರುಗಳು ಕಳಿಸುವ ಬಾಯಿಯ ಅಚ್ಚು ನೋಡಿ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಅವರು ಹಳಬರು. ಈ ಊರಿನ ಅರ್ಧ ನಗು ಅವರ ಕೈಯದು. ಆದರೆ ಆ ಬಾಯಿಗಳ ಒಡೆಯರನ್ನು ಅವರು ಕಂಡದ್ದಿಲ್ಲ. ಒಂದೆರಡೇ ಹಲ್ಲು ಬಿದ್ದವರಿಗೆ ಹಲ್ಲು ಮಾಡುವುದರಲ್ಲಂತೂ ಅವರನ್ನು ಮೀರಿಸುವವರಿಲ್ಲ. ಇದರ ಗುಟ್ಟನ್ನು ನನಗೆ ಒಮ್ಮೆ ಹೇಳಿದ್ದರು: "ಅರವತ್ತರ ಬಾಯಿಗೆ ಇಪ್ಪತ್ತರ ಹಲ್ಲು ಇಡಬಾರ್ದು ನೋಡು. ಪಕ್ಕದ್ದು ಎಷ್ಟು ಸವೆದಿದ್ಯೋ ಹೊಸದನ್ನೂ ಅಷ್ಟೇ ಸವೆಸ್ಬೇಕು. ಹೊಸ ಹಲ್ಲು ಹಾಕಿದಾರೆ ಅಂತ ಯಾರಿಗೂ ಗೊತ್ತಾಗ್ಲಿಲ್ಲ ಅಂದ್ರೆ ಕೆಲಸ ಚೆನ್ನಾಗಿ ಆಗಿದೆ ಅಂತ." ಯಾರಿಗೂ ಗೊತ್ತಾಗದಿರುವುದನ್ನೇ ಜೀವಮಾನವಿಡೀ ಮಾಡುತ್ತ ಬಂದ ಮನುಷ್ಯ, ಬೆಳಗ್ಗೆ ಕಪ್ಪೆಯಲ್ಲಿ ಹೊರಟರೆ ಮಾತ್ರ ಬೀದಿಗೆ ಬೀದಿಯೇ ತಿರುಗಿ ನೋಡುತ್ತಿತ್ತು. ಅದನ್ನು ಅವರು ಎಂದೂ ಬಾಯಿಬಿಟ್ಟು ಹೇಳಲಿಲ್ಲ. ಸ್ಟೀರಿಂಗು ಹಿಡಿದಾಗ ಅವರ ಕತ್ತು ಒಂದಿಷ್ಟು ಉದ್ದವಾಗುತ್ತಿತ್ತು, ಅಷ್ಟೆ.

ಕಪ್ಪೆಯ ದೊಡ್ಡ ರೋಗ ಹಲ್ಲಿನದೇ. ಇಂಜಿನ್ನಿನ ಹಿಂಭಾಗದಲ್ಲಿ ಒಂದು ಭಾರಿ ಚಕ್ರ. ಅದರ ಅಂಚಿಗೆ ಬಳೆ ತೊಡಿಸಿದಂತೆ ಹಲ್ಲುಗಳ ಸಾಲು. ಕೀಲಿ ತಿರುಗಿಸಿದಾಗ ಸ್ಟಾರ್ಟರಿನ ಪುಟ್ಟ ಗಾಲಿ ಆ ಹಲ್ಲುಗಳನ್ನು ಕಚ್ಚಿ ಇಂಜಿನ್ನನ್ನು ತಿರುಗಿಸಬೇಕು. ಹಳೆಯ ಇಂಜಿನ್ನುಗಳು ಆರಿಸಿದಾಗ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ. ಆದ್ದರಿಂದ ಆ ಜಾಗದ ಹಲ್ಲುಗಳೇ ಮತ್ತೆ ಮತ್ತೆ ಪೆಟ್ಟು ತಿನ್ನುತ್ತವೆ. ಕಪ್ಪೆಗೆ ಅಲ್ಲಿ ಒಂದಿಷ್ಟು ಹಲ್ಲು ಉದುರಿಹೋಗಿ, ಅಕ್ಕಪಕ್ಕದವು ಮೊಂಡಾಗಿದ್ದವು. ಆ ಬಳೆ ಈಗ ಎಲ್ಲೂ ಸಿಗುವುದಿಲ್ಲ. ಹಲ್ಲಿದ್ದವನಿಗೆ ಕಡಲೆ ಇಲ್ಲ ಎನ್ನುವುದು ಗಾದೆ. ಇಲ್ಲಿ ಊರಿಗೆಲ್ಲ ಹಲ್ಲು ಕಟ್ಟುವವರ ಕಾರೇ ಬೊಚ್ಚು. ಕೀಲಿ ತಿರುಗಿಸಿದರೆ ಕಿರ್ರ್ ಎಂದು ಸದ್ದಾಗುತ್ತಿತ್ತು, ಇಂಜಿನ್ನು ಮಾತ್ರ ಮಲಗಿಯೇ ಇರುತ್ತಿತ್ತು.

ಆದ್ದರಿಂದ ಇಳಿಜಾರು. ಮೂತಿ ಕೆಳಗೆ ಮಾಡಿ ನಿಲ್ಲಿಸುವುದು, ಬ್ರೇಕು ಬಿಡುವುದು, ಉರುಳಲು ಶುರುವಾದಾಗ ಗೇರು ಹಾಕಿ ಕ್ಲಚ್ಚು ಬಿಡುವುದು. ಮನೆ ಎತ್ತರದಲ್ಲಿತ್ತು, ಲ್ಯಾಬೂ ಎತ್ತರದಲ್ಲಿತ್ತು. ಭಾವ ಬೆಳಗ್ಗೆ ಅಕ್ಕನನ್ನು ಶಾಲೆಯ ಮುಂದೆ ಇಂಜಿನ್ನು ಆರಿಸದೆ ಇಳಿಸುವರು, ಸಂಜೆ ಇಂಜಿನ್ನು ಆರಿಸದೆ ಹತ್ತಿಸಿಕೊಳ್ಳುವರು. ಅಕಸ್ಮಾತ್ ಎಲ್ಲಾದರೂ ಆರಿಹೋದರೆ ಅಕ್ಕ ಇಳಿದು ತಳ್ಳುತ್ತಿದ್ದಳು. ಹೀಗೆ ಸಂಸಾರ ಸಾಗಿತ್ತು.

ಆಮೇಲೆ ಲ್ಯಾಬು ಹೊಸ ಕಟ್ಟಡಕ್ಕೆ ಹೋಯಿತು. ಲಿಫ್ಟು, ಗಾಜಿನ ಬಾಗಿಲು, ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಜಾಗ. ಎಲ್ಲರೂ ಸಂತೋಷಪಟ್ಟರು. ಭಾವ ಮೊದಲ ದಿನವೇ ನೆಲಮಾಳಿಗೆಗೆ ಇಳಿದು ಗುಂಡುಕಲ್ಲು ತಳ್ಳಿ ನೋಡಿದರು. ಕಲ್ಲು ಅಲ್ಲಾಡಲಿಲ್ಲ. ನೆಲವನ್ನು ಕಟ್ಟಿದವರು ಅಷ್ಟು ಪ್ರಾಮಾಣಿಕರು.

ಅಂದಿನಿಂದ ಅಕ್ಕ ಸಂಜೆ ಶಾಲೆ ಮುಗಿಸಿ, ಬಸ್ಸು ಹತ್ತಿ ಲ್ಯಾಬಿಗೆ ಹೋಗಿ, ನೆಲಮಾಳಿಗೆಯಲ್ಲಿ ಕಾರು ತಳ್ಳಿ, ಅದು ಹೊತ್ತಿಕೊಂಡ ಮೇಲೆ ಓಡಿ ಹತ್ತಿ ಮನೆಗೆ ಬರತೊಡಗಿದಳು. ಆ ಬಸ್ಸು ಮುಂದಕ್ಕೆ ಎಲ್ಲಿಗೆ ಹೋಗುತ್ತದೆಂದು ನಾನು ವಿಚಾರಿಸಿದೆ. ಅವರ ಮನೆಯ ದಿಬ್ಬದ ಬುಡಕ್ಕೇ ಹೋಗುತ್ತದೆ. ಎಂದರೆ, ಸುಮ್ಮನೆ ಕೂತಿದ್ದರೆ ಮನೆ ಸೇರಿಸುವ ಬಸ್ಸಿನಿಂದ ನಡುವೆ ಇಳಿದು, ಕಾರನ್ನು ಮನೆಗೆ ಕರೆತರುವುದು ಅಕ್ಕನ ಪಾಲಿಗೆ ಬಂದಿತ್ತು. ಗಣಿತದ ಟೀಚರಿಗೆ ಈ ಲೆಕ್ಕ ಹೊಳೆದಿರಲಿಲ್ಲವೇ ಎಂದು ಕೇಳಿದೆ. "ಹೊಳೆದಿದೆ ಕಣೋ. ಮಾಡೋಕೆ ಹೋಗಿಲ್ಲ," ಎಂದಳು.

ಸೊಂಟ ಎಷ್ಟು ದಿನ ಕೇಳುತ್ತದೆ? ಒಂದು ಸಂಜೆ ಹಿಡಿದುಕೊಂಡಿತು. ಡಾಕ್ಟರ ಬಾಗಿಲು ಇಳಿಜಾರು ಮುಗಿದು ನೆಲ ಸಮವಾಗುವಲ್ಲಿದೆ. ಭಾವ ಎಂದಿನಂತೆ ಮೇಲೆಯೇ ನಿಲ್ಲಿಸಿದ್ದರಿಂದ ಸೊಂಟ ನೋವಿನ ರೋಗಿ ಅಷ್ಟು ದೂರ ಇಳಿದು ನಡೆಯಬೇಕಾಯಿತು. ಭಾರ ಎತ್ತಬಾರದು, ತಳ್ಳಬಾರದು, ತಗ್ಗಿನಲ್ಲಿ ಕೂತೇಳಬಾರದು ಎಂದು ಡಾಕ್ಟರು ಹೇಳಿದರು. ಇವನ್ನೆಲ್ಲ ಬಿಟ್ಟರೆ ಆ ಕಾರಿನಲ್ಲಿ ಉಳಿಯುವುದಾದರೂ ಏನು ಎಂದು ಅಕ್ಕ ಕೇಳಿದ್ದಕ್ಕೆ ಅವರ ಬಳಿ ಔಷಧಿ ಇರಲಿಲ್ಲ.

ಹೀಗೆ ನನ್ನ ಪ್ರವೇಶವಾಯಿತು. ನಾನು ವಾರಪತ್ರಿಕೆಯೊಂದಕ್ಕೆ ನಗೆಬರಹ ಬರೆದು ಬದುಕುವವನು, ಮುಂದಿನ ಬೀದಿಯಲ್ಲೇ ಮನೆ. ಮನೆಯಲ್ಲಿ ಕೂತು ಬರೆಯುವವನನ್ನು ನೆಂಟರಿಷ್ಟರು ಕೆಲಸದಲ್ಲಿರುವವನು ಎಂದು ಎಣಿಸುವುದಿಲ್ಲ. ಖಾಲಿ ಇರುವವನು ಎಂದೇ ಲೆಕ್ಕ. ಸಂಜೆಯಾದರೆ ಭಾವನ ಫೋನು. ನಾನು ಬಸ್ಸಿನಲ್ಲಿ ಹೋಗಿ ನೆಲಮಾಳಿಗೆಯಲ್ಲಿ ಕಾರಿನ ಬೆನ್ನಿಗೆ ಕೈ ಹಚ್ಚುತ್ತಿದ್ದೆ. ನನ್ನ ಹೊಟ್ಟೆ ನನಗಿಂತ ಮೊದಲು ಕಾರನ್ನು ಮುಟ್ಟುತ್ತಿತ್ತು. ಕಾರು ಹೊತ್ತಿಕೊಂಡು ಮುಖಕ್ಕೆ ಹೊಗೆ ಬಿಟ್ಟ ಮೇಲೆ, ನನ್ನ ಉಬ್ಬಸ ಹಿಡಿತಕ್ಕೆ ಬಂದ ಮೇಲೆ, ನಾವಿಬ್ಬರೂ ಹೊರಡುವೆವು. ದಾರಿಯಲ್ಲಿ ಅಕ್ಕ ಸಿಕ್ಕರೆ ಡಾಕ್ಟರ ಮಾತು ಮೀರಿ ಹತ್ತುವಳು, ಎರಡೇ ಸೀಟಾದ್ದರಿಂದ ನಾನು ಇಳಿಯಬೇಕು. ಆ ತಿಂಗಳುಗಳಲ್ಲಿ ನಾನು ಬರೆದ ನಗೆಬರಹಗಳಲ್ಲಿ ನಗುವೇ ಇಲ್ಲವೆಂದು ಸಂಪಾದಕರು ದೂರಿದರು. ಸುಸ್ತಾದವನು ನಗಿಸಲಾರ. ಮಲಗಬಲ್ಲ, ಅಷ್ಟೆ.

ಒಂದು ಭಾನುವಾರ ನಾವು ಮೂವರೂ ಅವರ ಊಟದ ಮೇಜಿನ ಸುತ್ತ ಕೂತಿದ್ದೆವು. ಅಕ್ಕ ಬೆನ್ನಿಗೆ ಬಿಸಿನೀರಿನ ಚೀಲ ಕೊಟ್ಟುಕೊಂಡು ಉತ್ತರಪತ್ರಿಕೆ ತಿದ್ದುತ್ತಿದ್ದಳು. ಭಾವ ಯಾವುದೋ ಸ್ಪ್ರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ಅಕ್ಕ ತಲೆ ಎತ್ತದೆ ಹೇಳಿದಳು:

"ನಂಗೆ ಅದರ ಮೇಲೆ ಕೋಪ ಇಲ್ಲ ರೀ. ಸುಸ್ತಾಗಿದೆ. ಮಾರಿ ಅಂತ ನಾನು ಹೇಳಲ್ಲ. ಹೇಳಿದ್ರೆ ನೀವು ಮಾರ್ತೀರಿ, ಆಮೇಲೆ ಸಾಯೋ ತನಕ ಇವಳಿಂದ ಮಾರಿದೆ ಅಂತ ಒಳಗೊಳಗೇ ಅಂದ್ಕೋತೀರಿ. ಏನು ಮಾಡ್ತೀರೋ ನೀವೇ ಹೇಳಿ."

ಭಾವ ಸ್ಪ್ರಿಂಗನ್ನು ಒರೆಸಿದರು. ಮತ್ತೊಮ್ಮೆ ಒರೆಸಿದರು.

"ಹಲ್ಲು ಕಟ್ತೀನಿ. ನಾನೇ ಮಾಡ್ತೀನಿ," ಎಂದರು ಕಡೆಗೆ. "ಅದೂ ಹಿಡೀಲಿಲ್ಲ ಅಂದ್ರೆ ಕೊಟ್ಬಿಡ್ತೀನಿ."

"ಹಿಡಿದ್ರೆ ನಾನು ದಿಂಬು ಹಾಕ್ಕೊಂಡು ಕೂತ್ಕೋತೀನಿ," ಎಂದಳು ಅಕ್ಕ. ಅವಳು ಅಷ್ಟು ಸುಲಭವಾಗಿ ಒಪ್ಪಿದ್ದು ನೋಡಿ ನನಗೆ ನನ್ನ ಸೊಂಟದ ಚಿಂತೆ ಹತ್ತಿತು.

ಇಂಜಿನ್ನು ಇಳಿಸಬೇಕಾದ್ದರಿಂದ ಕಾರು ಮೆಕ್ಯಾನಿಕ್ಕಿನ ಶೆಡ್ಡಿಗೆ ಹೋಯಿತು. ಈತನನ್ನು ಎಲ್ಲರೂ ಕರೆಯುವುದು ಆಗಲ್ಲಪ್ಪ ಎಂದು. ಯಾವ ಗಾಡಿ ತಂದರೂ, ಪಂಕ್ಚರಿಗೆ ತಂದರೂ, ಆತನ ಮೊದಲ ಮಾತು "ಆಗಲ್ಲ ಸಾರ್". ಆಮೇಲೆ ಮಾಡಿಕೊಡುತ್ತಾನೆ. ಹಲ್ಲು ಕಟ್ಟುವ ವಿಷಯ ಹೇಳಿದಾಗಲೂ ಆಗಲ್ಲ ಎಂದ. ಇಂಜಿನ್ನು ಇಳಿಸಲು ಆಗಲ್ಲ ಎಂದು ಇಳಿಸಿದ. ಬಳೆ ಬಿಚ್ಚಲು ಆಗಲ್ಲ ಎಂದು ಬಿಚ್ಚಿದ.

ಭಾವ ಆ ಬಳೆಯನ್ನು ಬಟ್ಟೆಯಲ್ಲಿ ಸುತ್ತಿ ಲ್ಯಾಬಿಗೆ ಕೊಂಡೊಯ್ದರು. ಕೆಲಸದ ಹೊತ್ತು ಮುಗಿದ ಮೇಲೆ ಅಲ್ಲೇ ಕೂತು ಉದುರಿದ ಪ್ರತಿ ಹಲ್ಲನ್ನೂ ಮೇಣದಲ್ಲಿ ತಿದ್ದಿ, ಗಟ್ಟಿ ಕ್ರೋಮ್ ಲೋಹದಲ್ಲಿ ಎರಕ ಹೊಯ್ದು, ಸಣ್ಣ ಸಾಣೆಚಕ್ರ ಹಿಡಿದು ಉಜ್ಜಿದರು. ಅವರ ಮೇಜಿನ ಮೇಲೆ ಯಾರಯಾರದೋ ದವಡೆಗಳ ನಡುವೆ ಕಪ್ಪೆಯ ದವಡೆಯೂ ಬಾಯಿ ತೆರೆದು ಕೂತಿತ್ತು. ನಾನು ನೋಡಲು ಹೋಗಿದ್ದೆ. ಎರಕದ ಹಲ್ಲನ್ನು ಸಾಲಿನಲ್ಲಿಟ್ಟು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ತೆಗೆದು ಉಜ್ಜಿ, ಮತ್ತೆ ಇಟ್ಟು, ತಲೆ ಓರೆ ಮಾಡಿ ನೋಡಿ, ಮತ್ತೆ ಉಜ್ಜುತ್ತಿದ್ದರು. ಆ ಮುಖದಲ್ಲಿ ಆಯಾಸವೇ ಇರಲಿಲ್ಲ. ಎಷ್ಟೋ ಕಾಲದ ಮೇಲೆ ಅವರನ್ನು ಹಾಗೆ ಕಂಡೆ. ಬೆಸುಗೆಯಾದ ಮೇಲೆ ನನ್ನ ಕೈಗೆ ಕೊಟ್ಟು, ಹೊಸದು ಯಾವುದು ಹೇಳು ಎಂದರು. ತಿರುಗಿಸಿ ತಿರುಗಿಸಿ ನೋಡಿದೆ, ಗುರುತೇ ಹತ್ತಲಿಲ್ಲ. ಹಾಗೆಂದು ಮನಸಾರೆ ಹೊಗಳಿದೆ. ಹೊಗಳುವ ಕೆಲಸದಲ್ಲಿ ಮೈ ನೋಯುವುದಿಲ್ಲವಲ್ಲ.

ಆಗಲ್ಲಪ್ಪ ಆ ಬಳೆಯನ್ನು ಬೆಳಕಿಗೆ ಹಿಡಿದು ನೋಡಿ, ಹಲ್ಲಿನ ಮೇಲೆ ಉಗುರು ಎಳೆದು, "ಆಗಲ್ಲ ಸಾರ್," ಎಂದ. ಯಾಕೆ ಎಂದು ನಾವು ಕೇಳಲಿಲ್ಲ. ಪಂಕ್ಚರಿಗೂ ಹಾಗೆನ್ನುವವನನ್ನು ಯಾರು ಕೇಳುತ್ತಾರೆ? ಬಳೆ ತೊಡಿಸಿದ, ಇಂಜಿನ್ನು ಏರಿಸಿದ. ಭಾವ ಕೀಲಿ ತಿರುಗಿಸಿದರು. ಕಪ್ಪೆ ಒಂದೇ ಸಲಕ್ಕೆ ಎದ್ದು ಗುರುಗುಟ್ಟಿತು. ಡಾಕ್ಟರ ಮುಂದೆ ರೋಗಿ, ಮೆಕ್ಯಾನಿಕ್ಕಿನ ಮುಂದೆ ಕಾರು, ಎರಡೂ ಒಂದೇ ಜಾತಿ, ರೋಗ ತೋರಿಸುವುದಿಲ್ಲ. ಇಂಜಿನ್ನು ಅಲ್ಲಿ ಒಳ್ಳೆಯ ಹಲ್ಲುಗಳ ಜಾಗಕ್ಕೆ ಬಂದು ನಿಂತಿತ್ತೆಂಬುದು ಆಗ ನಮಗೆ ಹೊಳೆಯಲಿಲ್ಲ.

ಮರುದಿನ ಸಂಜೆ ಅಕ್ಕ ಆಟೋದಲ್ಲಿ ದಿಂಬು ಸಮೇತ ನೆಲಮಾಳಿಗೆಗೆ ಬಂದಳು. ನನ್ನನ್ನೂ ಕರೆದಿದ್ದರು, ನೋಡಿ ಸಂತೋಷಪಡಲು ಎಂದು. ಭಾವ ಬಾಗಿಲು ಹಿಡಿದುಕೊಂಡರು. ಅಕ್ಕ ದಿಂಬಿನ ಮೇಲೆ ಮೆಲ್ಲಗೆ ಇಳಿದು ಕೂತಳು. ತಲೆ ಕ್ಯಾನ್ವಾಸಿಗೆ ತಾಗುತ್ತಿತ್ತು, ಕತ್ತು ಬಗ್ಗಿಸಿಕೊಂಡಳು. ಭಾವ ಸುತ್ತಿಕೊಂಡು ಬಂದು ಕೂತು, ಕನ್ನಡಿ ಸರಿಮಾಡಿ, ಕೀಲಿ ತಿರುಗಿಸಿದರು.

ಕಿರ್ರ್.

ಇನ್ನೊಮ್ಮೆ. ಅದೇ ಕಿರ್ರ್. ನನಗೆ ಆ ಸದ್ದು ತಂಗಳನ್ನದಷ್ಟು ಪರಿಚಿತ.

ಭಾವ ಇಳಿದು ಬಂದು, ಕೋಟಿನ ಮೇಲ್ಜೇಬಿನಿಂದ ಹಲ್ಲು ನೋಡುವ ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ತೆಗೆದು, ನೆಲದ ಮೇಲೆ ಅಂಗಾತ ಮಲಗಿ ಕಾರಿನಡಿಯ ಕಿಂಡಿಯೊಳಗೆ ತೂರಿಸಿದರು. ನಾನು ಟಾರ್ಚು ಹಿಡಿದೆ. ಬಹಳ ಹೊತ್ತು ನೋಡಿದರು.

"ಎಷ್ಟು ಚೆನ್ನಾಗಿ ಹೊಂದಿಸಿದೀನಿ ನೋಡು," ಎಂದರು ಅಲ್ಲಿಂದಲೇ. ಆ ದನಿಯಲ್ಲಿ ಹೆಮ್ಮೆ ಇರಲಿಲ್ಲ.

ಅಕ್ಕ ಒಳಗಿನಿಂದ ಏನಾಯಿತೆಂದು ಕೇಳಿದಳು. ಭಾವ ಎದ್ದು ಕೂತು ಕನ್ನಡಿ ಒರೆಸಿದರು. "ಹೊಸ ಹಲ್ಲು ಪಕ್ಕದವಕ್ಕೆ ಹೊಂದ್ಕೊಂಡಿದೆ."

"ಅಂದ್ರೆ, ಹಳೇವು ಎಷ್ಟು ಮೊಂಡಾಗಿದ್ವೋ..."

"ಅಷ್ಟೇ ಮೊಂಡು. ಒಂದು ಕೂದಲಿನಷ್ಟೂ ಹೆಚ್ಚು ಕಡಿಮೆ ಇಲ್ಲ."

"ನೀವೇ ಸವೆಸಿದ್ರಾ?"

"ಉಜ್ಜಿ ಉಜ್ಜಿ ಸವೆಸಿದೆ. ಎದ್ದು ಕಾಣಬಾರ್ದಲ್ಲ."

ಕಾರಿನೊಳಗಿನಿಂದ ವಿಚಿತ್ರವಾದ ಸದ್ದು ಬಂತು. ಅಕ್ಕ ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡಿದ್ದಳು, ಕಣ್ಣಲ್ಲಿ ನೀರು. "ನಗಿಸ್ಬೇಡಿ ರೀ, ಹಿಡ್ಕೊಳ್ಳುತ್ತೆ," ಎಂದಳು. ಭಾವ ನಗಿಸಲು ಏನೂ ಮಾಡಿರಲಿಲ್ಲ. ನೆಲದ ಮೇಲೆ ಕೂತು ತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು. ಕಾಣದ ಬಾಯಿಗಳಿಗೆ ಅಷ್ಟು ವರ್ಷ ಮಾಡಿಕೊಟ್ಟ ಉಪಕಾರವನ್ನೇ ಅವು ಕಪ್ಪೆಗೂ ಮಾಡಿದ್ದವು.

ನಾನು ಆಗಲೇ ಅಂಗಿಯ ತೋಳು ಮಡಿಸಿ ಕಾರಿನ ಹಿಂದೆ ಹೋಗಿ ನಿಂತಿದ್ದೆ. ಯಾರೂ ಹೇಳಿರಲಿಲ್ಲ, ಕಾಲು ತಾನಾಗಿ ಹೋಗಿತ್ತು. "ಬೇಡ ಬಿಡು," ಎಂದರು ಭಾವ. ಇನ್ನೊಮ್ಮೆ ಬಿಚ್ಚಿ ಬೇರೆ ಹಲ್ಲು ಮಾಡಬಹುದಲ್ಲ, ಈ ಸಲ ಸವೆಸದೆ, ಎಂದೆ. ಯಾಕೆ ಹಾಗೆಂದೆನೋ, ಹಾಗಾಗದಿರಲೆಂದು ಮನಸ್ಸು ಬೇಡುತ್ತಿತ್ತು. ಅಕ್ಕನೂ ನಗು ನಿಲ್ಲಿಸಿ ಅವರ ಮುಖ ನೋಡಿದಳು.

"ಕೊಟ್ಬಿಡ್ತೀನಿ ಅಂದಿದ್ದೆ ಅಲ್ವಾ," ಎಂದರು ಭಾವ.

ಅಂದು ಮೂವರೂ ಬಸ್ಸಿನಲ್ಲಿ ಬಂದೆವು. ಬಸ್ಸಿನ ಸೀಟು ಎತ್ತರದಲ್ಲಿತ್ತು. ಭಾವ ಕಿಟಕಿಯಾಚೆ ಕೆಳಗೆ ಹಾದುಹೋಗುವ ಬೀದಿಗಳನ್ನು ನೋಡುತ್ತಲೇ ಇದ್ದರು.

ಕೊಳ್ಳಲು ಮೊದಲು ಬಂದವರಿಗೆ ತುಂಬ ಆಸೆಯಿತ್ತು, ಕೈಯೂ ಸಡಿಲವಿತ್ತು. ಭಾವ ಅವರ ಬೀದಿಗೆ ಹೋಗಿ ಗುಂಡುಕಲ್ಲು ತಳ್ಳಿ ನೋಡಿ ವಾಪಸು ಬಂದರು, ಕೊಡುವುದಿಲ್ಲವೆಂದರು. ಎರಡನೆಯವರು ಫೋಟೋ ಸ್ಟುಡಿಯೋದವರು. ಊರಿನ ಅತಿ ಕಡಿದಾದ ರಸ್ತೆಯ ನೆತ್ತಿಯಲ್ಲಿ ಅವರ ಮನೆ, ಜೊತೆಗೆ ದಷ್ಟಪುಷ್ಟರಾದ ತಮ್ಮಂದಿರು. ಭಾವ ಆ ತಮ್ಮಂದಿರ ತೋಳುಗಳನ್ನು ನೋಡಿ ಕೀಲಿ ಕೊಟ್ಟರು. ಆಗಲ್ಲಪ್ಪನಿಗೆ ವಿಷಯ ತಿಳಿದಾಗ, "ನಾನು ಹೇಳಿದ್ನಲ್ಲ ಸಾರ್," ಎಂದನಂತೆ. ಹೇಳಿದ್ದು ನಿಜ, ಏನು ಮಾಡುವುದು?

ಈಗ ಅವರ ಬಳಿ ಇರುವುದು ಬಿಳಿಯ, ಎತ್ತರದ, ಪೆಟ್ಟಿಗೆಯಂಥ ಒಂದು ಹಳೆಯ ಕಾರು. ಕೀಲಿ ತಿರುಗಿಸಿದರೆ ಹೊತ್ತಿಕೊಳ್ಳುತ್ತದೆ. ಮಳೆ ಹೊರಗೇ ಇರುತ್ತದೆ. ಬೀದಿಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ಮಕ್ಕಳು ಹೆಸರೂ ಇಟ್ಟಿಲ್ಲ. ಭಾವನ ಕತ್ತು ಮೊದಲಿನ ಅಳತೆಗೆ ಬಂದಿದೆ.

ಮೊನ್ನೆ ಅಕ್ಕನ ಸೊಂಟ ತೋರಿಸಲು ಡಾಕ್ಟರ ಹತ್ತಿರ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದರು. ಇಷ್ಟು ಕಾಲ ಕಾರಿನ ಹಿಂದೆ ಇದ್ದವನು ಮೊದಲ ಬಾರಿಗೆ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದೆ. ಭಾವ ಇಳಿಜಾರನ್ನು ದಾಟಿ, ಡಾಕ್ಟರ ಬಾಗಿಲಿಗೆ ಸರಿಯಾಗಿ, ಸಮನೆಲದ ಮೇಲೆ ನಿಲ್ಲಿಸಿದರು. ಅಭ್ಯಾಸವನ್ನು ಗೆದ್ದವರ ಹಾಗೆ ಸ್ಟೀರಿಂಗಿನ ಮೇಲೆ ಕೈ ಇಟ್ಟು ಕೂತರು. ಇಂಜಿನ್ನನ್ನು ಮಾತ್ರ ಇನ್ನೂ ಆರಿಸಿರಲಿಲ್ಲ.

ಅಕ್ಕ ಕಿಟಕಿಯಿಂದ ನೆಲ ನೋಡಿದಳು.

"ಇಲ್ಯಾಕೆ ನಿಲ್ಸಿದ್ರಿ? ಇನ್ನೊಂಚೂರು ಮೇಲಕ್ಕೆ ಹೋಗಿ."

ಹೇಳಿದ ಮೇಲೆ ಅವಳಿಗೇ ಗೊತ್ತಾಯಿತು. ನಾವು ಮೂವರೂ ಎದುರಿನ ಗಾಜನ್ನು ನೋಡುತ್ತ ಕೂತೆವು. ಇಂಜಿನ್ನು ಸದ್ದೇ ಇಲ್ಲದೆ ಓಡುತ್ತಿತ್ತು. ಅವಳು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಭಾವ ಗೇರು ಹಾಕಿ ದಿಬ್ಬದ ಮೇಲಕ್ಕೆ ಹೋಗಿ, ಕಾರನ್ನು ತಿರುಗಿಸಿ, ಹಳೆಯ ಜಾಗದಲ್ಲೇ ಮೂತಿ ಕೆಳಗೆ ಮಾಡಿ ನಿಲ್ಲಿಸಿದರು.

ಅಲ್ಲಿಂದ ನಡೆದು ಇಳಿದೆವು. ಅಕ್ಕ ಭಾವನ ತೋಳು ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ನಾನು ಎಂದಿನಂತೆ ಹಿಂದೆ.